ಖಾಕಿ ಕಳಚಿದ ಜೀಪು

ಪೊಲೀಸ್ ಇಲಾಖೆಯಲ್ಲಿ ಮನುಷ್ಯರು ನಿವೃತ್ತರಾದರೆ ಶಾಲು, ಹಾರ, ಹಣ್ಣಿನ ಬುಟ್ಟಿ, ಮೇಲೆ ನಾಲ್ಕು ಭಾಷಣ. ಜೀಪು ನಿವೃತ್ತವಾದರೆ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಿನ ಪ್ರಕಟಣೆ: ನಿರುಪಯುಕ್ತ ವಾಹನಗಳ ಬಹಿರಂಗ ಹರಾಜು, ಆಸಕ್ತರು ಠೇವಣಿ ಕಟ್ಟಿ ಸವಾಲಿನಲ್ಲಿ ಭಾಗವಹಿಸಬಹುದು. ಗಣೇಶನ ಮೆರವಣಿಗೆಯ ಹಿಂದೆ ಬೆಳಗಿನ ಜಾವದವರೆಗೆ ಒಂದನೇ ಗೇರಿನಲ್ಲಿ ತೆವಳಿದ್ದು, ರಂಗಪಂಚಮಿಯ ದಿನ ಹುಬ್ಬಳ್ಳಿಯ ಓಣಿ ಓಣಿ ಸುತ್ತಿ ಮೈಯೆಲ್ಲ ಬಣ್ಣ ಮಾಡಿಕೊಂಡದ್ದು ಯಾವುದೂ ಆ ಪ್ರಕಟಣೆಯಲ್ಲಿ ಬರುವುದಿಲ್ಲ.

ಕೆಲವು ವರ್ಷಗಳ ಹಿಂದೆ ಹುಬ್ಬಳ್ಳಿಯ ವ್ಯಾಪಾರಿಯೊಬ್ಬರು ಇಂಥದೊಂದು ಲಿಲಾವಿನಲ್ಲಿ ಹಳೆಯ ಬೊಲೆರೊ ಹಿಡಿದರು. ಹೊಲಕ್ಕೆ ಬೀಜ, ಗೊಬ್ಬರ ಸಾಗಿಸಲು ಆದೀತೆಂಬ ಲೆಕ್ಕ. ಗಾಡಿ ಮನೆಯ ಮುಂದೆ ಬಂದು ನಿಂತ ಸಂಜೆಯೇ ಲೆಕ್ಕ ತಪ್ಪಿತು. ಎದುರು ಮನೆಯವರು ಬಾಗಿಲಿಗೆ ಬಂದರು, ಪಕ್ಕದ ಮನೆಯವರು ಮಾಳಿಗೆ ಹತ್ತಿದರು. ಮಗಳಿಗೆ ವರ ನೋಡುತ್ತಿದ್ದ ಕಾಲ ಬೇರೆ. ‘ಬೀಗರಾಗುವವರು ಬರುವ ಹೊತ್ತಿಗೆ ಇದು ಇಲ್ಲಿ ಇರಕೂಡದು’ ಎಂದು ಅವರ ಹೆಂಡತಿ ಒಂದೇ ಮಾತಿನಲ್ಲಿ ಮುಗಿಸಿದರು. ಆಗ ವ್ಯಾಪಾರಿಗಳಿಗೆ ಧರ್ಮ ನೆನಪಾಯಿತು. ಧಾರವಾಡದಲ್ಲಿ ನನ್ನ ಗೆಳೆಯರೊಬ್ಬರು ಮೇಲ್ವಿಚಾರಕರಾಗಿರುವ ಬಡ, ಅನಾಥ ಮಕ್ಕಳ ವಸತಿ ನಿಲಯಕ್ಕೆ ಜೀಪು ದಾನವಾಗಿ ಬಂತು.

ದಾನದೊಳಗೆ ಇಂಥ ಲೆಕ್ಕ ಹೊಸದೇನಲ್ಲ. ನಚಿಕೇತನ ತಂದೆ ಯಜ್ಞ ಮಾಡಿ ದಾನ ಕೊಟ್ಟದ್ದು ಎಂಥ ಆಕಳುಗಳನ್ನು? ಕುಡಿಯುವ ನೀರು ಕುಡಿದು, ತಿನ್ನುವ ಹುಲ್ಲು ತಿಂದು, ಕೊಡುವ ಹಾಲನ್ನೂ ಕೊಟ್ಟು ಮುಗಿಸಿದ್ದವನ್ನು. ಅದನ್ನು ಕಂಡು ಮಗ ಬಾಯಿ ಬಿಟ್ಟ. ಸಿಟ್ಟಿಗೆದ್ದ ತಂದೆ ಅವನನ್ನೇ ಯಮನಿಗೆ ಕೊಟ್ಟುಬಿಟ್ಟ. ನಮ್ಮ ಮೇಲ್ವಿಚಾರಕರು ಬಾಯಿ ಬಿಡುವ ಪೈಕಿಯಲ್ಲ. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಎಂಬ ಮಾತು ತಮಗೆ ಬರಬಾರದೆಂದು, ಟೈರನ್ನೂ ಬ್ಯಾಟರಿಯನ್ನೂ ಮುಟ್ಟಿ ನೋಡದೆ, ಕೈಮುಗಿದು ಕೀಲಿಕೈ ತೆಗೆದುಕೊಂಡರು. ಮೊಳ ಹಾಕುವ ಕೆಲಸವನ್ನು ಮರುದಿನ ಗ್ಯಾರೇಜಿನವನು ಮಾಡಿದ, ತಲೆ ಅಲ್ಲಾಡಿಸುತ್ತಲೇ ಮಾಡಿದ.

ನಮ್ಮ ಕಡೆಯ ಆಶ್ರಮಗಳು ಬೆಳೆದದ್ದೇ ಜನ ಕೊಟ್ಟದ್ದರಿಂದ. ಗದುಗಿನ ವೀರೇಶ್ವರ ಪುಣ್ಯಾಶ್ರಮ ಅಂಧ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದ್ದು ಊರೂರಿನ ಭಕ್ತರ ಕಾಣಿಕೆಯಿಂದ. ಪುಟ್ಟರಾಜ ಗವಾಯಿಗಳನ್ನು ತಕ್ಕಡಿಯಲ್ಲಿ ಕೂರಿಸಿ ಮಾಡಿದ ತುಲಾಭಾರಗಳಿಗೆ ಲೆಕ್ಕವಿಲ್ಲ. ಜೋಳ ಬಂದರೆ ರೊಟ್ಟಿಯಾಗುತ್ತದೆ, ಹಣ ಬಂದರೆ ಪುಸ್ತಕವಾಗುತ್ತದೆ. ಜೀಪು ಮಾತ್ರ ಬಂದ ದಿನದಿಂದಲೇ ತಾನೂ ಪಂಕ್ತಿಗೆ ಕುಳಿತುಬಿಡುತ್ತದೆ. ಡೀಸೆಲ್, ವಿಮೆ, ಹೊಗೆ ತಪಾಸಣೆ, ಕ್ಲಚ್ ಪ್ಲೇಟು, ಮಳೆಗಾಲಕ್ಕೆ ವೈಪರು. ಆ ನಿಲಯದಲ್ಲಿ ಅದರಷ್ಟು ಉಣ್ಣುವ ಹುಡುಗ ಇನ್ನೊಬ್ಬನಿಲ್ಲ.

ಅಮೆರಿಕದವರು ಈ ಸಂಕಟವನ್ನು ಮೊದಲೇ ಅರಿತಿದ್ದಾರೆ. ಅಲ್ಲಿ ಹಳೆಯ ಕಾರನ್ನು ಧರ್ಮಸಂಸ್ಥೆಗೆ ಕೊಡುವುದು ತೀರ ಮಾಮೂಲು. ಕೊಟ್ಟ ಕಾರನ್ನು ಸಂಸ್ಥೆಯವರು ಹೆಚ್ಚಾಗಿ ತಾವು ಇಟ್ಟುಕೊಳ್ಳುವುದಿಲ್ಲ. ಹರಾಜಿಗೆ ಹಾಕಿ ದುಡ್ಡು ಮಾಡಿಕೊಳ್ಳುತ್ತಾರೆ. ಮೊದಲೆಲ್ಲ ದಾನಿಗಳು ಬೆಲೆಪಟ್ಟಿಯಲ್ಲಿರುವ ದರ ತೋರಿಸಿ ತೆರಿಗೆ ವಿನಾಯಿತಿ ಪಡೆಯುತ್ತಿದ್ದರು. 2005ರಿಂದ ಅಲ್ಲಿಯ ಸರ್ಕಾರ, ಹರಾಜಿನಲ್ಲಿ ಎಷ್ಟು ಬಂತೋ ಸಾಮಾನ್ಯವಾಗಿ ಅಷ್ಟಕ್ಕೇ ವಿನಾಯಿತಿ ಎಂದು ಬಿಗಿ ಮಾಡಿತು. ನಚಿಕೇತನ ಕೆಲಸವನ್ನು ಅಲ್ಲಿ ತೆರಿಗೆ ಇಲಾಖೆ ವಹಿಸಿಕೊಂಡಿದೆ ಎನ್ನಬೇಕು. ನಮ್ಮಲ್ಲಿ ಅಷ್ಟು ಕಷ್ಟವೇ ಇಲ್ಲ. 80ಜಿ ಎಂದು ಎಲ್ಲರ ಬಾಯಲ್ಲಿರುವ ವಿನಾಯಿತಿ ಹಣದ ರೂಪದ ದಾನಕ್ಕೆ ಮಾತ್ರ. ಆಕಳು ಕೊಟ್ಟರೂ ಅಷ್ಟೇ, ಜೀಪು ಕೊಟ್ಟರೂ ಅಷ್ಟೇ. ಹೀಗಾಗಿ ನಮ್ಮ ವ್ಯಾಪಾರಿಗಳು ಸಲ್ಲಬೇಕಾದ್ದನ್ನು ಬೇರೆ ದಾರಿಯಿಂದ ವಸೂಲು ಮಾಡಿಕೊಂಡರು. ಬಾಗಿಲ ಮೇಲೆ ಕೆಂಪು ಎಣ್ಣೆಬಣ್ಣದಲ್ಲಿ ದಿವಂಗತ ತಂದೆಯವರ ಹೆಸರು ಬರೆಸಿ, ಕೆಳಗೆ ‘ಇವರ ಸ್ಮರಣಾರ್ಥ’ ಎಂದು ಹಾಕಿಸಿದರು.

ತೊಡಕು ಬಂದದ್ದು ಆ ಬಾಗಿಲಿನಲ್ಲಿಯೇ. ದೀಪ, ಸೈರನ್, ವೈರ್‌ಲೆಸ್ ಸೆಟ್ಟುಗಳನ್ನು ಇಲಾಖೆ ಮೊದಲೇ ಕಿತ್ತುಕೊಂಡಿತ್ತು. ಡ್ಯಾಶ್‌ಬೋರ್ಡಿನಲ್ಲಿ ಸೆಟ್ಟು ಇದ್ದ ಜಾಗ ಚೌಕಾಕಾರದ ಖಾಲಿ ಗೂಡಾಗಿತ್ತು. ಡ್ರೈವರ್ ಅದರಲ್ಲಿ ಎಲೆ ಅಡಿಕೆಯ ಸಂಚಿ ಇಡುತ್ತಿದ್ದ. ಬಾಗಿಲಿನ ಅಕ್ಷರಗಳನ್ನೂ ಕೆರೆದು ತೆಗೆದಿದ್ದರು. ಆದರೆ ವರ್ಷಗಟ್ಟಲೆ ಬಿಸಿಲಿಗೆ ಸುತ್ತಲಿನ ಬಿಳಿ ಬಣ್ಣ ಹಳದಿಗೆ ತಿರುಗಿ, ಅಕ್ಷರಗಳ ಅಡಿಯಲ್ಲಿದ್ದ ಬಿಳುಪು ಮಾತ್ರ ಹೊಚ್ಚಹೊಸದಾಗಿ ಉಳಿದಿತ್ತು. ತೊಳೆದಷ್ಟೂ ‘ಪೊಲೀಸ್’ ಎಂಬುದು ಎದ್ದು ಕಾಣುತ್ತಿತ್ತು. ಅದರ ಮೇಲೆಯೇ ತಂದೆಯವರ ಹೆಸರು ಬಂದದ್ದರಿಂದ, ಬದುಕಿನುದ್ದಕ್ಕೂ ಕಾಳಿನ ವ್ಯಾಪಾರ ಮಾಡಿದ ಹಿರಿಯರು ಸತ್ತ ಮೇಲೆ ಇಲಾಖೆಗೆ ಸೇರಿದಂತಾಯಿತು.

ಸಾರಿಗೆ ಕಚೇರಿಯಲ್ಲಿ ವಾಹನದ ಹೆಸರು ವರ್ಗಾವಣೆಯಾಗುತ್ತದೆ. ಅದರ ಹಿಂದೆ ಓಡಾಡುವ ಅಂಜಿಕೆಯನ್ನು ವರ್ಗಾಯಿಸಲು ಯಾವ ನಮೂನೆಯ ಅರ್ಜಿಯೂ ಇಲ್ಲ. ಅದು ಗಾಡಿಯ ಜೊತೆಗೇ ಬಂದಿದೆ ಎಂದು ಗೆಳೆಯರಿಗೆ ಗೊತ್ತಾದದ್ದು ಸಂತೆಯಲ್ಲಿ. ಕಾಯಿಪಲ್ಲೆ ತರಲು ಜೀಪು ಹೋಗಿ ನಿಂತದ್ದೇ ತಡ, ರಸ್ತೆಗೆ ಚಾಚಿದ್ದ ಬುಟ್ಟಿಗಳು ಒಂದೊಂದಾಗಿ ಹಿಂದೆ ಸರಿದವು. ತಳ್ಳುಗಾಡಿಗಳು ಓಣಿ ಹೊಕ್ಕವು. ಅಡ್ಡಾದಿಡ್ಡಿ ನಿಂತಿದ್ದ ಬೈಕುಗಳು ಸಾಲಿಗೆ ಬಂದವು. ಬದನೆಕಾಯಿ ಮಾರುವ ಮುದುಕಿ ಇವರು ಬಾಯಿ ತೆರೆಯುವ ಮೊದಲೇ ಚೀಲ ತುಂಬಿಸಿ, ‘ಒಯ್ಯಿರಿ ಸಾಹೇಬರೇ’ ಎಂದಳು.

‘ಎಷ್ಟಾಯಿತು ಅವ್ವಾ?’ ಎಂದು ಇವರು ಕಿಸೆಗೆ ಕೈ ಹಾಕಿದರು.

ಮುದುಕಿಯ ಮುಖ ಆಗ ನಿಜವಾಗಿ ಬಾಡಿತು. ‘ನಾನೇನು ತಪ್ಪು ಮಾಡಿದೆ ಸಾಹೇಬರೇ?’

ತಾವು ಸಾಹೇಬರಲ್ಲ, ಇದು ಅನಾಥ ಮಕ್ಕಳ ಊಟಕ್ಕೆ ಎಂದು ಗೆಳೆಯರು ತಿಳಿಸಿ ಹೇಳಿದರು. ಪೊಲೀಸರು ಅನಾಥ ಮಕ್ಕಳ ಹೆಸರು ಹೇಳುವಷ್ಟು ಕಾಲ ಕೆಟ್ಟಿತೇ ಎಂಬಂತೆ ಅವಳು ನೋಡಿದಳು. ಕೊನೆಗೆ ಹಣವನ್ನು ಬುಟ್ಟಿಯ ಅಂಚಿನಲ್ಲಿ ಇಟ್ಟು ಬಂದರಂತೆ. ಹೆದರಿ ಕೊಟ್ಟ ಬದನೆಕಾಯಿ ದಾನವೋ ದಂಡವೋ ಎಂದು ನಾವಿಬ್ಬರೂ ಒಂದು ಸಂಜೆ ಚರ್ಚೆ ಮಾಡಿದ್ದೇವೆ. ದುಡ್ಡು ಕೊಟ್ಟಾಯಿತಲ್ಲ, ಇನ್ನು ಚರ್ಚೆ ಏಕೆ ಎಂಬುದು ಅವರ ವಾದ. ಕೊಡದಿದ್ದರೂ ಯಾರೂ ಕೇಳುತ್ತಿರಲಿಲ್ಲ ಎಂಬುದೇ ನನ್ನನ್ನು ಕೊರೆಯುವ ಸಂಗತಿ. ಡ್ರೈವರನಿಗೆ ಅಂಥ ಕೊರೆತವೇನೂ ಇರಲಿಲ್ಲ. ಹುಬ್ಬಳ್ಳಿಗೆ ಹೋಗುವಾಗಲೆಲ್ಲ ಚಿಗರಿ ಬಸ್ಸಿಗೆಂದೇ ಮೀಸಲಿಟ್ಟ ದಾರಿಯನ್ನು ನೋಡಿ, ‘ನುಗ್ಗಿಸಿಬಿಡಲೇ ಸರ್? ಯಾರು ತಡೆಯುತ್ತಾರೆ?’ ಎಂದು ಕೇಳುತ್ತಿದ್ದ. ನಾಲ್ಕು ಬಾರಿ ಬೈಸಿಕೊಂಡ ಮೇಲೆ ಕೇಳುವುದನ್ನು ಬಿಟ್ಟ, ನಿಟ್ಟುಸಿರು ಬಿಡುವುದನ್ನು ಬಿಡಲಿಲ್ಲ.

ಮುಂದೆ ಇಂಥ ಜೀಪುಗಳು ದಾನಕ್ಕೆ ಸಿಗುವುದು ಕಷ್ಟವೇ. 2023ರ ಏಪ್ರಿಲ್ 1ರಿಂದ, 15 ವರ್ಷ ತುಂಬಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣವಾಗುವುದಿಲ್ಲ. ಗುಜರಿ ಕೇಂದ್ರವೇ ಗತಿ. ದೇಶರಕ್ಷಣೆ, ಕಾನೂನು ಸುವ್ಯವಸ್ಥೆಗೆಂದು ಇರುವ ವಿಶೇಷ ವಾಹನಗಳಿಗೆ ಮಾತ್ರ ರಿಯಾಯಿತಿ. ಗಾಡಿ ಉಗುಳುವ ಹೊಗೆಯನ್ನು ಕಂಡವನಾದ್ದರಿಂದ ನಿಯಮ ಸರಿಯಿದೆ ಎಂದೇ ಹೇಳುತ್ತೇನೆ.

ನಿಲಯದ ಹುಡುಗರು ಮಾತ್ರ ಈ ಮಾತನ್ನು ಒಪ್ಪುವುದಿಲ್ಲ. ಹಿಂದೆ ಎದುರುಬದುರಾದ ಎರಡು ಉದ್ದ ಸೀಟುಗಳು, ಕಿಟಕಿಗೆ ತಂತಿಯ ಜಾಳಿಗೆ. ಆ ಜಾಳಿಗೆಯ ಪಕ್ಕದ ಜಾಗಕ್ಕೆ ನಿತ್ಯ ಜಗಳ. ಕಳ್ಳ-ಪೊಲೀಸ್ ಆಟದಲ್ಲಿ ಎಲ್ಲ ಊರಿನ ಮಕ್ಕಳೂ ಪೊಲೀಸರಾಗಲು ಹೊಡೆದಾಡಿದರೆ, ಇಲ್ಲಿ ಕಳ್ಳರಾಗಲು ಹೊಡೆದಾಟ. ಕಳ್ಳನಿಗೆ ಕಿಟಕಿ ಸಿಗುತ್ತದೆ.

ಅಡುಗೆಯ ಅವ್ವ ಮಾತ್ರ ಹಿಂದೆ ಹತ್ತಲು ಮೊದಲ ದಿನವೇ ನಿರಾಕರಿಸಿದರು. ‘ಮುಂದೆ ಕುಳಿತವರು ಸಾಹೇಬರು, ಹಿಂದೆ ಕುಳಿತವರು ಸಿಕ್ಕಿಬಿದ್ದವರು. ಈ ವಯಸ್ಸಿನಲ್ಲಿ ನನಗೆ ಅದು ಬೇಡ’ ಎಂದು, ಸೆರಗು ಸರಿಮಾಡಿಕೊಂಡು, ಡ್ರೈವರನ ಪಕ್ಕದಲ್ಲಿ ಕುಳಿತರು. ಅವರನ್ನು ಎಬ್ಬಿಸುವ ಧೈರ್ಯ ಯಾರಿಗಿದೆ? ಅಂದಿನಿಂದ ಮೇಲ್ವಿಚಾರಕರು ಹಿಂದೆ, ಅಕ್ಕಿಯ ಚೀಲಗಳ ನಡುವೆ, ಜಾಳಿಗೆಯ ಒಳಗೆ. ಅಮರಗೋಳದ ಎಪಿಎಂಸಿಯಿಂದ ಮರಳುವಾಗ ಒಮ್ಮೆ ನವನಗರದ ಹತ್ತಿರ ಗಾಡಿ ಸಿಗ್ನಲ್‌ಗೆ ನಿಂತಿತ್ತು. ಪಕ್ಕದಲ್ಲಿ ನಿಂತ ಬಸ್ಸಿನಿಂದ ಹೆಂಡತಿಯ ತವರಿನವರು ಯಾರೋ ನೋಡಿದ್ದಾರೆ. ರಾತ್ರಿ ಮಾವನವರ ಫೋನು. ಕ್ಷೇಮಸಮಾಚಾರ ಮುಗಿಸಿ, ದನಿ ತಗ್ಗಿಸಿ ಕೇಳಿದರಂತೆ: ‘ಅಳಿಯಂದಿರೇ, ವಿಷಯ ದೊಡ್ಡದೋ ಸಣ್ಣದೋ? ನಮ್ಮ ಪರಿಚಯದ ವಕೀಲರೊಬ್ಬರಿದ್ದಾರೆ.’

ಗೆಳೆಯರು ವಕೀಲರ ನಂಬರು ಬರೆದಿಟ್ಟುಕೊಂಡಿದ್ದಾರೆ. ಗಾಡಿಯ ಫಿಟ್‌ನೆಸ್ ಪ್ರಮಾಣಪತ್ರದ ಅವಧಿ ಮುಗಿಯುತ್ತ ಬಂದಿದೆಯಂತೆ.