ನಾಲ್ಕನೇ ಮಹಡಿಯ ತಿಪ್ಪಿ

"ತಿಪ್ಪಿಗೆ ರೊಕ್ಕಾ ಕೊಟ್ಟಿಯೇನಲೇ?" ಅಂತ ಕೇಳಿದ್ರು ನಮ್ಮಪ್ಪ, ವಿಡಿಯೋ ಕಾಲ್‌ನಲ್ಲಿ.

ಕೊಟ್ಟಿದ್ದೆ. ಎರಡೂವರೆ ಸಾವಿರ. ಅಡುಗೆಮನೆ ಕಸಾನ ಗೊಬ್ಬರ ಮಾಡೋಕೆ ಒಂದರ ಮೇಲೊಂದು ಕೂರೋ ಮೂರು ಮಣ್ಣಿನ ಮಡಕೆ, ಒಂದು ಚೀಲ ತೆಂಗಿನ ನಾರಿನ ಪುಡಿ, ಮತ್ತೆ ಕಸ ಕೊಳೆಸೋ ಸೂಕ್ಷ್ಮಜೀವಿಗಳ ಒಂದು ಪ್ಯಾಕೆಟ್, ಅದರ ಮೇಲೆ ‘ಕಲ್ಚರ್’ ಅಂತ ಬರೆದಿತ್ತು, ಬಿಚ್ಚಿದ್ರೆ ವಾಸನೆ ಮಾತ್ರ ಥೇಟ್ ನಮ್ಮ ದನದ ಕೊಟ್ಟಿಗೇದೇ. ಧಾರವಾಡದ ಕಡೆ ಹಳ್ಳೀಲಿ ಮನೆ ಹಿತ್ತಲಲ್ಲೇ ಆಳೆತ್ತರ ತಿಪ್ಪಿ ಇಟ್ಕೊಂಡು ಬೆಳೆದವನು ಮುಂಬೈಗೆ ಬಂದು ಅದನ್ನೇ ಆನ್‌ಲೈನಲ್ಲಿ ತರಿಸ್ಕೊಂಡ ಅಂದ್ರೆ ಯಾವ ಅಪ್ಪನಿಗೆ ತಾನೆ ಬೇಜಾರಾಗಲ್ಲ ಹೇಳಿ.

ಆದ್ರೆ ನನಗೂ ಕಾರಣ ಇತ್ತು. ಮುಲುಂಡ್ ಈಸ್ಟ್‌ನಲ್ಲಿ ಮನೆ ಮಾಡಿದವರಿಗೆ ಪರಿಸರ ಕಾಳಜಿ ಪುಸ್ತಕ ಓದಿ ಬರಲ್ಲ, ಮೂಗಿನ ಮೂಲಕ ಬರತ್ತೆ. ಇಲ್ಲಿನ ಡಂಪಿಂಗ್ ಗ್ರೌಂಡ್ 2018ರಲ್ಲಿ ಮುಚ್ಚೋ ತನಕ ಗಾಳಿ ಯಾವ ಕಡೆಗೆ ಬೀಸ್ತಿದೆ ಅಂತ ನೋಡೋಕೆ ಕಿಟಕಿ ತೆಗೀಬೇಕಾಗೇ ಇರ್ಲಿಲ್ಲ. ಆ ಕಡೆ ದೇವನಾರ್‌ದಂತೂ 1927ರಿಂದ ಕಸ ಹೊತ್ಕೊಂಡು ಕೂತಿರೋ ಗುಡ್ಡ, 2016ರ ಜನವರೀಲಿ ಅದಕ್ಕೆ ಬೆಂಕಿ ಬಿದ್ದಾಗ ಹೊಗೆ ಸ್ಯಾಟಲೈಟ್ ಫೋಟೋದಲ್ಲೂ ಕಾಣ್ತಿತ್ತು. ನಾವು ಬಿಸಾಕಿದ ಅನ್ನ, ಸಿಪ್ಪೆ, ಹಳಸಿದ ಸಾರು ಎಲ್ಲ ಗಾಳಿ ಇಲ್ದೆ ಒಳಗೊಳಗೇ ಕೊಳೆತು ಮೀಥೇನ್ ಆಗತ್ತಂತೆ, ಅದಕ್ಕೆ ಒಂದು ಕಿಡಿ ಸಾಕು. ಇದನ್ನ ಓದಿದ ರಾತ್ರಿ ನಾನು ನಿದ್ದೆ ಮಾಡ್ಲಿಲ್ಲ, ಬೆಳಿಗ್ಗೆ ಎದ್ದು ಮಡಕೆ ಆರ್ಡರ್ ಮಾಡ್ದೆ.

ಇನ್ನೊಂದು ಕಾರಣಾನೂ ಇದೆ, ಹೇಳಿಬಿಡ್ತೀನಿ. ಹಿಂದಿನ ಬೇಸಿಗೇಲಿ ಐರೋಲಿ ಹತ್ರ ಠಾಣೆ ಖಾಡೀಲಿ, ಅಂದ್ರೆ ಊರೊಳಗೆ ಚಾಚಿರೋ ಸಮುದ್ರದ ಕವಲಲ್ಲಿ, ದೋಣಿ ಹತ್ತಿ ಫ್ಲೆಮಿಂಗೊ ನೋಡ್ಕೊಂಡು ಬಂದಿದ್ದೆ. ಕೆಸರಲ್ಲಿ ಕೊಕ್ಕು ತಲೆಕೆಳಗು ಮಾಡಿ ಪಾಚಿ ಸೋಸಿ ತಿಂದು ತಿಂದೇ ಆ ಗುಲಾಬಿ ಬಣ್ಣ ಬರೋದು ಅಂತ ದೋಣಿಯವನು ಹೇಳಿದ್ದ. ಆ ಜಾಗಕ್ಕೆ 2022ರಲ್ಲಿ ರಾಮ್‌ಸಾರ್ ಪಟ್ಟಾನೂ ಸಿಕ್ಕಿದೆ, ಅಂದ್ರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟೀಲಿ ಜಾಗ. ಫೋಟೋ ತೆಗೆದು ಡಿಪಿಗೆ ಹಾಕಿದ್ದೇ ತಡ, ಸೊಸೈಟಿಯವರು ನನ್ನನ್ನ ನೇಚರ್‌ವಾಲೆ ಅಂಕಲ್ ಅನ್ನೋಕೆ ಶುರು ಮಾಡಿದ್ರು. ಹೆಸರು ಬಂದ್ಮೇಲೆ ಉಳಿಸ್ಕೋಬೇಕಲ್ಲ. ನಮ್ಮನೆಯವಳು ಮಾತ್ರ, "ಐರೋಲಿವರೆಗೂ ಹೋಗಿ ಪಕ್ಷಿ ನೋಡ್ತೀರಿ, ಅಡುಗೆಮನೇಲಿ ಒಂದು ಜಿರಳೆ ಬಂದ್ರೆ ಸ್ಟೂಲ್ ಹತ್ತಿ ನನ್ನನ್ನ ಕರೀತೀರಿ" ಅಂದ್ಲು. ಅದು ಬೇರೆ ವಿಷಯ.

ಮೇ ತಿಂಗಳಿಡೀ ಎಲ್ಲ ಚೆನ್ನಾಗೇ ನಡೀತು. ಒಂದು ಹಿಡಿ ಸಿಪ್ಪೆ, ಒಂದು ಹಿಡಿ ಒಣ ಎಲೆ. ಎಲೆಗೋಸ್ಕರ ಬೆಳಿಗ್ಗೆ ಗೇಟ್ ಹತ್ರ ಬಾದಾಮಿ ಮರದ ಕೆಳಗೆ ಚೀಲ ಹಿಡ್ಕೊಂಡು ನಿಂತಿರ್ತಿದ್ದೆ, ವಾಚ್‌ಮನ್ ಎರಡು ದಿನ ನೋಡಿ ಮೂರನೇ ದಿನ "ಸಾಬ್, ನೌಕರಿ ಠೀಕ್ ಹೈ ನಾ?" ಅಂತ ಮೆಲ್ಲಗೆ ಕೇಳಿದ. ಜೂನಲ್ಲಿ ಮಳೆ ಹಿಡೀತು, ಒಣ ಎಲೆ ಅನ್ನೋ ವಸ್ತುವೇ ಊರಿಂದ ಮಾಯ ಆಯ್ತು, ನಾರಿನ ಪುಡಿ ಖಾಲಿ, ಇಂಥಾ ಹೊತ್ತಲ್ಲೇ ನಾನು ಹುಳಿ ಮಜ್ಜಿಗೆ, ಹಿಂದಿನ ದಿನದ ಸಾಂಬಾರು ಎಲ್ಲ ಸುರಿದೆ, ಎಲ್ಲ ಭೂಮ್ತಾಯಿದೇ ಅಲ್ವಾ ಅಂತ.

ಹದಿನೈದು ದಿನ ಬಿಟ್ಟು ಮುಚ್ಚಳ ತೆಗೆದ್ರೆ ಒಳಗೆ ಕಸ ಓಡಾಡ್ತಿತ್ತು. ಕಸದಲ್ಲಿ ಹುಳ ಅಲ್ಲ, ಹುಳದಲ್ಲಿ ಅಲ್ಲೊಂದು ಇಲ್ಲೊಂದು ಕಸ. ಕಿವಿ ಹತ್ರ ಇಟ್ರೆ ಕಾದ ಹೆಂಚಿಗೆ ನೀರು ಚಿಮುಕಿಸಿದ ಹಾಗೆ ಚರಚರ ಸದ್ದು. ನಾನು ಸ್ಟೂಲ್ ಹತ್ತಿದೆ. ಆಮೇಲೆ ಸ್ಟೂಲ್ ಮೇಲೇ ನಿಂತ್ಕೊಂಡು ಮೊಬೈಲಲ್ಲಿ ಹುಡುಕಿದ್ರೆ ಗೊತ್ತಾಯ್ತು, ಇವು ಬ್ಲ್ಯಾಕ್ ಸೋಲ್ಜರ್ ಫ್ಲೈ ಅನ್ನೋ ನೊಣದ ಮರಿಗಳು, ಕಚ್ಚಲ್ಲ, ರೋಗ ಹರಡಲ್ಲ, ಇವು ಇದ್ದ ಕಡೆ ಮನೆ ನೊಣ ಕಮ್ಮಿ. ಒಂದು ಹೆಣ್ಣು ಒಂದ್ಸಲಕ್ಕೆ 500ರ ಆಸುಪಾಸು ಮೊಟ್ಟೆ ಇಡತ್ತೆ. ದೊಡ್ಡದಾದ ನೊಣಕ್ಕೆ ಊಟ ಬೇಕೇ ಬೇಕು ಅಂತಿಲ್ವಂತೆ, ಬದುಕೋ ಆ ಕೆಲವು ದಿನಾನ ಮರಿಯಿದ್ದಾಗ ತಿಂದಿದ್ದರ ಮೇಲೇ ಕಳೀಬಹುದಂತೆ. ನಮ್ಮನೆ ಸಾಂಬಾರಿನ ಮೇಲೆ ಒಂದು ಜೀವ ಇಡೀ ಸಂಸಾರ ನಡೆಸತ್ತೆ ಅಂತ ಓದಿ ಮನಸ್ಸು ತುಂಬಿ ಬಂತು, ಸ್ಟೂಲ್ ಇಳಿದೆ.

ಓದಿದ್ದರಲ್ಲಿ ಒಂದು ಪ್ಯಾರಾ ಬಿಟ್ಟಿದ್ದೆ. ತಿಂದು ಮುಗಿಸಿದ ಮರಿಗಳು ಕಂದು ಬಣ್ಣಕ್ಕೆ ತಿರುಗಿ, ಒಣಗಿದ ಕತ್ತಲೆ ಜಾಗ ಹುಡುಕ್ಕೊಂಡು ಮಡಕೆ ಬಿಟ್ಟು ಹೊರಡ್ತವೆ. ಗೋಡೆ ಒದ್ದೆ ಇದ್ರೆ ನೆಟ್ಟಗೆ ಗೋಡೇನೂ ಹತ್ತತಾವೆ. ಮುಂಬೈ ಮಳೆಗಾಲದಲ್ಲಿ ಒದ್ದೆ ಇಲ್ದಿರೋ ಗೋಡೆ ಎಲ್ಲಿದೆ?

ಅವು ಹೊರಟಿದ್ದು ವರಮಹಾಲಕ್ಷ್ಮಿ ಶುಕ್ರವಾರ.

ಕೆಳಗಿನ ಮೂರನೇ ಮಹಡೀಲಿ ಕುಂದಾಪುರದ ಅಕ್ಕ ಇದ್ದಾರೆ, ಮಡಿ ಮೈಲಿಗೆ ಅಂದ್ರೆ ಬಹಳ. ಅವರ ಬಾಲ್ಕನೀಲಿ ತುಳಸಿ ಕುಂಡ, ಸುತ್ತ ರಂಗೋಲಿ, ಒಳಗೆ ಕಲಶ, ಅರಿಶಿನ ಕುಂಕುಮಕ್ಕೆ ಹತ್ತನ್ನೆರಡು ಹೆಂಗಸರು. ನಮ್ಮ ಬಾಲ್ಕನಿ ಪೈಪ್ ಹಿಡ್ಕೊಂಡು ನನ್ನ ಸೈನಿಕರು ಸಾಲಾಗಿ ಇಳಿದು, ರಂಗೋಲಿ ದಾಟಿ, ತುಳಸಿ ಬುಡದ ಮಣ್ಣೇ ಒಳ್ಳೆ ಜಾಗ ಅಂತ ಒಂದೊಂದೇ ಒಳಗೆ ಹೋಗ್ತಿದ್ವಂತೆ.

"ಎಂತದ್ ಮರಾಯ್ರೆ ಇದ್!" ಅನ್ನೋ ಕೂಗು ನಮಗೆ ಫೋನಿಲ್ದೇ ಕೇಳಿಸ್ತು. ಐದು ನಿಮಿಷಕ್ಕೆ ಸೊಸೈಟಿ ಗ್ರೂಪಲ್ಲಿ ಫೋಟೋ. ಸೆಕ್ರೆಟರಿ ಪೆಸ್ಟ್ ಕಂಟ್ರೋಲ್‌ನವರ ನಂಬರ್ ಹಾಕಿದ್ರು. ನಾನು ದೇವನಾರ್, ಮೀಥೇನ್, 2016 ಎಲ್ಲ ಸೇರಿಸಿ ಉದ್ದಕ್ಕೆ ಬರೆದೆ. ಅದಕ್ಕೆ ಒಂದೇ ಒಂದು ಥಂಬ್ಸ್ ಅಪ್ ಬಂತು. ಖುಷಿಯಾಗಿ ಯಾರು ಅಂತ ನೋಡಿದ್ರೆ ನಾನೇ, ಕೈ ತಾಗಿಬಿಟ್ಟಿತ್ತು.

ಪ್ರಸಾದಕ್ಕೆ ನಮ್ಮನ್ನ ಕರೀಲಿಲ್ಲ. ನಾನು ಕೆಳಗೆ ಹೋಗಿ, ಇದು ನಿಸರ್ಗದ ಪ್ರಕ್ರಿಯೆ ಅಕ್ಕ, ಇವು ರೈತನ ಮಿತ್ರ ಇದ್ದ ಹಾಗೆ ಅಂತ ತಿಪ್ಪೆ ಸಾರಿಸೋಕೆ ನೋಡ್ದೆ. "ಮಿತ್ರ ಆರೆ ನಿಮ್ ಮನೀಲೇ ಇಟ್ಕಣಿ" ಅಂದ್ರು. ಉತ್ತರ ಹೊಳೀಲಿಲ್ಲ.

ಅವತ್ತು ರಾತ್ರೀನೇ ಅಪ್ಪನಿಗೆ ಫೋನ್ ಮಾಡಿದ್ದು. ರೊಕ್ಕದ ವಿಷಯ ಕೇಳಿ ನಕ್ಕು ಮುಗಿದ ಮೇಲೆ, ಕ್ಯಾಮೆರಾ ಮಡಕೆ ಒಳಗೆ ತೋರ್ಸು ಅಂದ್ರು. ತೋರಿಸ್ದೆ. ಮನುಷ್ಯ ಒಂಚೂರೂ ಮುಖ ಸಿಂಡರಿಸ್ಲಿಲ್ಲ, ಬದಲಿಗೆ ಒಳ್ಳೆ ಬೆಳೆ ನೋಡಿದವರ ಥರ ಕಣ್ಣು ದೊಡ್ಡದು ಮಾಡಿ, "ಹುಳ ಛಲೋ ಆಗ್ಯಾವಲ್ಲೋ! ಕೋಳಿ ಎಲ್ಲದಾವ?" ಅಂದ್ರು.

"ಕೋಳಿ ಇಲ್ಲಪ್ಪ, ಇದು ಫ್ಲ್ಯಾಟು."

"ಕೋಳಿ ಇಲ್ದ ತಿಪ್ಪಿ ಹೆಂಗ ನಡೀತೈತಿ? ತಿನ್ನಾವ್ರು ಬ್ಯಾಡೇನು?"

ಸರಿ ಅನ್ನಿಸ್ತು. ಮರುದಿನ ಒಂದು ಅರ್ಧ ಸೀಳಿದ ಪೈಪನ್ನ ಮಡಕೆ ಒಳಗಿಂದ ಓರೆಯಾಗಿ ಹೊರಗೆ ಬಿಟ್ಟು, ತುದೀಲಿ ಬಕೆಟ್ ಇಟ್ಟೆ. ಹೊರಡೋ ಹುಳಗಳು ದಾರಿ ಇದೇ ಅಂತ ತಾವಾಗೇ ಹತ್ತಿ ಬಂದು ಬಕೆಟ್ಟಿಗೆ ಟಪಟಪ ಬಿದ್ವು. ಅವನ್ನ ತಟ್ಟೇಲಿ ಹಾಕಿ ಗ್ರಿಲ್ ಮೇಲೆ ಇಟ್ಟೆ. ಮೊದಲು ಕಾಗೆ ಬಂತು, ಎರಡನೇ ದಿನ ನೆಂಟರನ್ನೂ ಕರ್ಕೊಂಡು ಬಂತು. ನಾಲ್ಕನೇ ದಿನ ಒಂದು ಮಡಿವಾಳ ಹಕ್ಕಿ, ಕಪ್ಪು ಬಿಳಿ ಇಸ್ತ್ರಿ ಮಾಡಿದ ಹಾಗೆ, ಬಾಲ ನೆಟ್ಟಗೆ ಮಾಡ್ಕೊಂಡು. ಅದು ಕಾಗೆಗೆ ಹೆದರಿ ನಮ್ಮಲ್ಲಿ ತಿಂತಿರ್ಲಿಲ್ಲ, ಒಂದೊಂದೇ ಹುಳ ಎತ್ಕೊಂಡು ಕೆಳಗಿನ ಅಕ್ಕನ ಗ್ರಿಲ್ ಮೇಲೆ ಕೂತು ತಿಂದು, ಆಮೇಲೆ ಅಲ್ಲೇ ಒಂದು ಹಾಡು ಹೇಳಿ ಹೋಗ್ತಿತ್ತು. ಅಕ್ಕ ಲಿಫ್ಟಲ್ಲಿ ಸಿಕ್ಕಿದ್ರೂ ನನ್ನ ಮುಖ ನೋಡ್ತಿರ್ಲಿಲ್ಲ, ನಂಬರ್ ನೋಡ್ತಾ ನಿಲ್ಲೋರು.

ಮೊನ್ನೆ ಎರಡು ದಿನ ಊರಿಗೆ ಹೋಗಿದ್ವಿ, ತಟ್ಟೆ ಇಡೋರು ಯಾರೂ ಇರ್ಲಿಲ್ಲ. ವಾಪಸ್ ಬಂದು ಬೀಗ ತೆಗೀತಿದ್ದ ಹಾಗೇ ಬಾಲ್ಕನಿ ಕೆಳಗಿಂದ ಕೂಗು ಬಂತು. ಮತ್ತೆ ಇಳಿದ್ವೇನೋ ಅಂತ ನನ್ನೆದೆ ಧಸಕ್ಕಂತು, ಮೆಲ್ಲಗೆ ಬಗ್ಗಿ ನೋಡ್ದೆ. ಅಕ್ಕ ಸೊಂಟಕ್ಕೆ ಕೈ ಕೊಟ್ಕೊಂಡು ಮೇಲೆ ನೋಡ್ತಿದ್ರು.

"ಹಕ್ಕಿ ನಿನ್ನೆಯಿಂದ ಬಂದ್ ಬಂದ್ ಕೂಕಂತಿತ್ ಮರಾಯ್ರೆ. ಹುಳ ಇಲ್ಯಾ?"