ಡಯಾಲಿಸಿಸ್ ಬಿಟ್ಟು ಎಳನೀರು ಕುಡಿಯಿರಿ ಎನ್ನುವ ಮೆಸೇಜ್ ತಪ್ಪು

ಗದಗ, ರೋಣ ಕಡೆಯ ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. "ಡಯಾಲಿಸಿಸ್ ಒಮ್ಮೆ ಹಿಡಿದರೆ ಕಿಡ್ನಿ ಸತ್ತೇ ಹೋಗುತ್ತದೆ, ಇದೆಲ್ಲ ಆಸ್ಪತ್ರೆಯವರ ದಂಧೆ, ಬಿಟ್ಟು ದಿನಾ ಎಳನೀರು ಕುಡಿಯಿರಿ" ಅಂತ. ಡಯಾಲಿಸಿಸ್ ಅಂದರೆ ಕೆಟ್ಟ ಕಿಡ್ನಿಯ ಬದಲು ಯಂತ್ರದಿಂದ ರಕ್ತ ಶುದ್ಧ ಮಾಡುವುದು. ಈ ಮೆಸೇಜ್ ನಂಬಿದರೆ ಜೀವಕ್ಕೇ ಅಪಾಯ.

ಮೊದಲು ಎಳನೀರಿನ ಮಾತು. ಅದರಲ್ಲಿ ಪೊಟ್ಯಾಸಿಯಂ ಎನ್ನುವ ಲವಣ ಜಾಸ್ತಿ. ಚೆನ್ನಾಗಿರುವ ಕಿಡ್ನಿ ಅದನ್ನು ಮೂತ್ರದಲ್ಲಿ ಹೊರಗೆ ಹಾಕುತ್ತದೆ, ಕೆಟ್ಟ ಕಿಡ್ನಿಗೆ ಆಗುವುದಿಲ್ಲ. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತ ತಪ್ಪಿ, ನಿಂತೇ ಹೋಗಬಹುದು. ಡಯಾಲಿಸಿಸ್ ರೋಗಿಗಳಿಗೆ ಎಳನೀರು, ಬಾಳೆಹಣ್ಣು ಬೇಡ ಅನ್ನುವುದು ಇದಕ್ಕೇ.

ಕಿಡ್ನಿ ಕೆಟ್ಟದ್ದಕ್ಕೆ ಡಯಾಲಿಸಿಸ್ ಮಾಡುತ್ತಾರೆ, ಡಯಾಲಿಸಿಸ್ ಮಾಡಿದ್ದಕ್ಕೆ ಕಿಡ್ನಿ ಕೆಡುವುದಲ್ಲ. ಹೊಲದಲ್ಲಿ ಹಾವು ಕಚ್ಚಿ ಕಿಡ್ನಿ ನಿಂತವರಲ್ಲಿ ಎಷ್ಟೋ ಜನ ಕೆಲವು ವಾರದಲ್ಲಿ ಚೇತರಿಸಿ ಡಯಾಲಿಸಿಸ್ ಬಿಡುತ್ತಾರೆ. ಪೂರ್ತಿ ಕೆಟ್ಟಿದ್ದರೆ ಮಾತ್ರ ಕಿಡ್ನಿ ಕಸಿ ಆಗುವವರೆಗೂ ನಡೆಸಬೇಕು. ಸಾಮಾನ್ಯವಾಗಿ ವಾರಕ್ಕೆ 2-3 ಸಲ. ಫಿಸ್ಟುಲಾ (ಡಯಾಲಿಸಿಸ್‌ಗಾಗಿ ಆಪರೇಷನ್ ಮಾಡಿ ಎರಡು ರಕ್ತನಾಳ ಜೋಡಿಸಿದ್ದು) ಮಾಡಿದ ಕೈಗೆ ಎರಡು ದಪ್ಪ ಸೂಜಿ, ಸುಮಾರು 4 ತಾಸು ಕೈ ಅಲ್ಲಾಡಿಸದೆ ಮಲಗಿರಬೇಕು. ಸುಮ್ನೆ ಯಾರು ಮಾಡಿಸಿಕೊಳ್ಳುತ್ತಾರೆ, ಅಲ್ವಾ?

ದುಡ್ಡಿನ ಸಿಟ್ಟು ಮಾತ್ರ ಸುಳ್ಳಲ್ಲ. ಖಾಸಗಿಯಲ್ಲಿ ಪ್ರತಿ ಸಲವೂ ಬಿಲ್, ಮೇಲೆ ಬಸ್ ಚಾರ್ಜು, ಜೊತೆಗೆ ಬಂದವರ ಆ ದಿನದ ಕೂಲಿಯೂ ಹೋಯಿತು. 2016ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತ ಡಯಾಲಿಸಿಸ್ ಯೋಜನೆ ತಂದಿದೆ. ಬಿಪಿಎಲ್ ಕಾರ್ಡ್ ತೆಗೆದುಕೊಂಡು ಹೋಗಿ ವಿಚಾರಿಸಿ. ಅಲ್ಲಿ ಪಾಳಿ ಸಿಗುವವರೆಗೆ ಈಗಿನದನ್ನು ತಪ್ಪಿಸಬೇಡಿ.

ಕಳಿಸಿದವರು ನಿಮ್ಮ ಕಾಕಾನೋ ಅಕ್ಕನೋ ಆಗಿರಬಹುದು, ಒಳ್ಳೆಯ ಮನಸ್ಸಿನಿಂದಲೇ ಕಳಿಸಿರುತ್ತಾರೆ. ಆದರೂ ಮುಂದಕ್ಕೆ ಫಾರ್ವರ್ಡ್ ಮಾಡಬೇಡಿ, ದಯವಿಟ್ಟು ಅಳಿಸಿಬಿಡಿ.