ಕಡಿತ ಮಾಡಿಲ್ಲ, ಏರಿಸಿಲ್ಲ ಅಷ್ಟೇ

2025ರ ರಾಜ್ಯ ಬಜೆಟ್ ಮಂಡನೆ ಆಗಿ ಎರಡು ವಾರ ಆಯಿತು. ಫೇಸ್‌ಬುಕ್‌ನಲ್ಲಿ ಎಲ್ಲರ ಜಗಳ ಮುಗಿದ ಮೇಲೆ ನಾನು ಬರೆಯೋಕೆ ಕೂತಿದ್ದೇನೆ. ಏನು ಮಾಡೋದು, ಮಾರ್ಚ್ ತಿಂಗಳಲ್ಲಿ ನನ್ನ ಅಂಗಡಿಯಲ್ಲಿ ಉಸಿರಾಡೋಕೂ ಬಿಡುವಿರೋದಿಲ್ಲ.

ನನ್ನ ಪರಿಚಯ ಇಲ್ಲದವರಿಗೆ ಒಂದು ಮಾತು. ರಾಯಚೂರು ಜಿಲ್ಲೆ ಸಿಂಧನೂರು ತಾಲೂಕಿನ ಒಂದು ಹಳ್ಳಿಯಲ್ಲಿ ನನ್ನದು ಸಣ್ಣ ಆನ್‌ಲೈನ್ ಅಂಗಡಿ. ಜೆರಾಕ್ಸ್, ಪಹಣಿ, ಜಾತಿ-ಆದಾಯ ಪ್ರಮಾಣಪತ್ರದ ಅರ್ಜಿ, ಇಂಥವು. ನಮ್ಮವ್ವ ಅದೇ ಊರಿನ ಅಂಗನವಾಡಿ ಕಾರ್ಯಕರ್ತೆ. ಹಾಗಾಗಿ ಸರ್ಕಾರದ ರೊಕ್ಕ ಊರಿಗೆ ಬರುವ ಎರಡು ದಾರಿ ನನಗೆ ದಿನಾ ಕಾಣುತ್ತವೆ. ಒಂದು, ಹೆಣ್ಣುಮಕ್ಕಳ ಖಾತೆಗೆ ನೇರ ಬರುವ ದಾರಿ. ಇನ್ನೊಂದು, ಅವ್ವನಂಥವರ ಕೈ ದಾಟಿ ಮಗುವಿನ ತಟ್ಟೆಗೆ ಬರುವ ದಾರಿ.

ಮೊದಲನೇ ದಾರಿಯಲ್ಲಿ ಗದ್ದಲ ಜಾಸ್ತಿ. ಬೆಳಿಗ್ಗೆ ಶಟರ್ ಎತ್ತುವಾಗಲೇ ಇಬ್ಬರು ಮೂವರು ನಿಂತಿರುತ್ತಾರೆ.

"ತಮ್ಮಾ, ನನ್ನ ರೊಕ್ಕ ಬಂದೈತೇನ್ ನೋಡಪಾ."

"ಇಲ್ಲ ಯಕ್ಕಾ, ಇನ್ನೂ ಬಂದಿಲ್ಲ."

"ಬಾಜೂ ಮನಿಯಾಕಿಗೆ ಬಂತಂತಲ್ಲೋ!"

ಗೃಹಲಕ್ಷ್ಮಿಯ ಯಾವ ಕಂತು ಬಂತು, ಯಾವುದು ಬಾಕಿ ಅನ್ನೋದು ನಮ್ಮೂರಿನ ಓದು ಬಾರದ ಹೆಂಗಸಿಗೂ ಬಾಯಿಪಾಠ. ಎರಡು ತಿಂಗಳು ತಡವಾದರೆ ಟೀವಿಯಲ್ಲಿ ಸುದ್ದಿ, ವಿಧಾನಸಭೆಯಲ್ಲಿ ಗಲಾಟೆ. ಇದು ಒಳ್ಳೆಯದೇ. ತನ್ನ ರೊಕ್ಕ ಎಲ್ಲಿ ಅಂತ ಕೇಳುವ ಹೆಂಗಸು ಊರಿಗೆ ಬೇಕು.

ಆದರೆ ಎರಡನೇ ದಾರಿ ಇದೆಯಲ್ಲ, ಅಲ್ಲಿ ತಡವಾದರೆ ಯಾರೂ ಕೇಳೋದಿಲ್ಲ. ಯಾಕಂದರೆ ಕೇಳಬೇಕಾದವರ ವಯಸ್ಸು ಇನ್ನೂ ಮೂರೇ ವರ್ಷ.

ಈ ಎರಡನೇ ದಾರಿಯ ಲೆಕ್ಕ ಬಿಡಿಸಿ ಹೇಳುತ್ತೇನೆ. ಅಂಗನವಾಡಿಯ ಒಂದು ಮಗುವಿನ ಪೌಷ್ಟಿಕ ಆಹಾರಕ್ಕೆ ಸರ್ಕಾರ ಇಟ್ಟಿರುವ ದರ ದಿನಕ್ಕೆ 8 ರೂಪಾಯಿ. ಗರ್ಭಿಣಿ, ಬಾಣಂತಿಯರಿಗೆ 9 ರೂಪಾಯಿ 50 ಪೈಸೆ. ತೀರಾ ಸೊರಗಿದ ಮಗುವಿಗೆ 12 ರೂಪಾಯಿ. ಅರ್ಧ ಕೇಂದ್ರದ್ದು, ಅರ್ಧ ರಾಜ್ಯದ್ದು. ಇದು 2017ರಲ್ಲಿ ಮಾಡಿದ ದರ. ಆಗ ನಮ್ಮೂರ ಕಿರಾಣಿ ಅಂಗಡಿಯಲ್ಲಿ ಮೊಟ್ಟೆಗೆ ನಾಲ್ಕೂವರೆ ಕೊಟ್ಟ ನೆನಪು. ಈಗ ಆರು. ಚಳಿಗಾಲದಲ್ಲಿ ಏಳು. ಎಣ್ಣೆ, ಬೇಳೆ, ಗ್ಯಾಸಿನ ಕಥೆ ಬಿಡಿ, ನಿಮ್ಮ ಮನೆಯಲ್ಲೂ ಗೊತ್ತಿದೆ.

ಈ ಫೆಬ್ರವರಿಯ ಕೇಂದ್ರ ಬಜೆಟ್‌ನಲ್ಲಿ ಈ ದರವನ್ನು ಸೂಕ್ತವಾಗಿ ಹೆಚ್ಚಿಸುತ್ತೇವೆ ಅಂತ ಒಂದು ಸಾಲು ಓದಿದರು. ಎಷ್ಟು ಅಂತ ಓದಲಿಲ್ಲ. "ಸೂಕ್ತವಾಗಿ" ಅನ್ನೋ ಪದವನ್ನು ಕಿರಾಣಿ ಅಂಗಡಿಯವನು ತಗೊಳ್ಳೋದಿಲ್ಲ.

ರಾಜ್ಯ ಏನೂ ಮಾಡಿಲ್ಲ ಅಂದರೆ ಸುಳ್ಳಾಗುತ್ತದೆ. ಮೊಟ್ಟೆ, ಹಾಲಿಗೆ ರಾಜ್ಯ ತನ್ನ ರೊಕ್ಕ ಸೇರಿಸುತ್ತದೆ. ಕ್ಷೀರಭಾಗ್ಯ 2013ರಿಂದ ನಡೆದಿದೆ. ಶಾಲೆಯ ಬಿಸಿಯೂಟಕ್ಕೆ ಮೊಟ್ಟೆ ಬಂದದ್ದೂ ಮೊದಲು ನಮ್ಮ ಕಡೆಗೇ. 2021ರ ಡಿಸೆಂಬರ್‌ನಲ್ಲಿ ರಾಯಚೂರು, ಕೊಪ್ಪಳ, ಬಳ್ಳಾರಿ, ಯಾದಗಿರಿ, ಕಲಬುರಗಿ, ಬೀದರ್, ವಿಜಯಪುರದ ಶಾಲೆಗಳಲ್ಲಿ ಶುರುವಾಯಿತು. ಕಾರಣ ಹೆಮ್ಮೆಯದಲ್ಲ. ನಮ್ಮ ಮಕ್ಕಳಲ್ಲಿ ಅಪೌಷ್ಟಿಕತೆ ಜಾಸ್ತಿ ಅಂತ. ಆಗ ಮೊಟ್ಟೆ ಬೇಡ ಅಂತ ಎಷ್ಟು ಗದ್ದಲ ಆಯಿತು, ನೆನಪಿದೆಯಾ? ನಮ್ಮ ಶಾಲೆಯ ಹುಡುಗರು ಮಾತ್ರ ಗದ್ದಲದ ಕಡೆ ತಿರುಗಿಯೂ ನೋಡದೆ ಸಿಪ್ಪೆ ಸುಲಿಯುತ್ತಿದ್ದರು.

ಅವ್ವನ ಸಂಕಟ ಬೇರೆ. ಮೊಟ್ಟೆಗೆ ರೊಕ್ಕ ಇದೆ, ಆದರೆ ಹೊತ್ತಿಗೆ ಬರೋದಿಲ್ಲ. ಮಗುವಿಗೆ ಇವತ್ತು ಮೊಟ್ಟೆ ಕೊಡಬೇಕು, ರೊಕ್ಕ ಯಾವಾಗಲೋ ಜಮೆಯಾಗುತ್ತದೆ. ನಡುವಿನ ದಿನಗಳಿಗೆ ಕಿರಾಣಿ ಅಂಗಡಿಯಲ್ಲಿ ಅವ್ವನ ಹೆಸರಿಗೆ ಒಂದು ಉದ್ದರಿ ಪುಸ್ತಕ. ಕಳೆದ ವರ್ಷ ಒಮ್ಮೆ ಆ ಬಾಕಿಯನ್ನು ನಾನೇ ತೀರಿಸಿದೆ. ಅಂಗಡಿಯವರು ನಮ್ಮ ಕಾಕಾ ಆಗಬೇಕು. ಮರ್ಯಾದೆಗೆ ಏನೂ ಅನ್ನಲಿಲ್ಲ. ಪುಸ್ತಕ ಮಾತ್ರ ನನ್ನ ಕಡೆ ತಿರುಗಿಸಿ ಇಟ್ಟರು. ಸರ್ಕಾರದ ಮೊಟ್ಟೆಗೆ ಬಡ್ಡಿಯಿಲ್ಲದ ಸಾಲ ಕೊಟ್ಟವರು ಅಂತ ಕಾಕಾನ ಹೆಸರು ಯಾವ ಬಜೆಟ್ ಭಾಷಣದಲ್ಲೂ ಬರೋದಿಲ್ಲ ಬಿಡಿ.

ಈಗ ದೊಡ್ಡ ಅಂಕಿಗೆ ಬರೋಣ. ಮಾರ್ಚ್ 7ರಂದು ಸಿದ್ದರಾಮಯ್ಯನವರು ತಮ್ಮ 16ನೇ ಬಜೆಟ್ ಮಂಡಿಸಿದರು. ಒಟ್ಟು 4.09 ಲಕ್ಷ ಕೋಟಿ. ಐದು ಗ್ಯಾರಂಟಿಗೆ ಹೋದ ವರ್ಷ 52,009 ಕೋಟಿ ಇಟ್ಟಿದ್ದರು, ಈ ವರ್ಷ 51,034 ಕೋಟಿ. ಅದರಲ್ಲಿ ಗೃಹಲಕ್ಷ್ಮಿಯೊಂದಕ್ಕೇ 28,608 ಕೋಟಿ. ಹೋದ ವರ್ಷವೂ ಅದೇ 28,608. ಇದನ್ನು 12 ತಿಂಗಳಿಗೆ, ತಲೆಗೆ 2,000ದಂತೆ ಭಾಗಿಸಿ ನೋಡಿ. ಸುಮಾರು 1 ಕೋಟಿ 19 ಲಕ್ಷ ಹೆಂಗಸರು. ಅಂದರೆ ಅಂಕಿ ಸುಮ್ನೆ ಬರೆದದ್ದಲ್ಲ, ಒಬ್ಬೊಬ್ಬ ಹೆಂಗಸನ್ನು ಎಣಿಸಿ ಇಟ್ಟದ್ದು.

ಅಂಗನವಾಡಿಯವರಿಗೆ ಈ ಸಲ ಗೌರವಧನ ಏರಿತು. ಕಾರ್ಯಕರ್ತೆಗೆ 1,000, ಸಹಾಯಕಿಗೆ 750. ಟೀವಿ ನೋಡುತ್ತಾ ಅವ್ವ "ಸಾವಿರ ಬಂತಲ್ಲ ಬಿಡು" ಅಂದಳು. ಒಂದು ನಿಮಿಷ ಬಿಟ್ಟು, "ಹದಿನೈದು ಅಂದಿದ್ರು" ಅಂದಳು. 2023ರ ಚುನಾವಣೆ ಪ್ರಣಾಳಿಕೆಯಲ್ಲಿ ಗೌರವಧನವನ್ನು 15,000ಕ್ಕೆ ಏರಿಸುವ ಮಾತಿತ್ತು. ಅವ್ವ ಮರೆತಿಲ್ಲ. ಇನ್ನು ಕೇಂದ್ರದ ಲೆಕ್ಕದಲ್ಲಿ ಕಾರ್ಯಕರ್ತೆಯ ಗೌರವಧನ 4,500, ಸಹಾಯಕಿಯದು 2,250. ಅದು 2018ರ ದರ. ಅಲ್ಲಿಂದ ಇಲ್ಲಿಯವರೆಗೆ ಅಲ್ಲಾಡಿಲ್ಲ. ಅದರ ಮೇಲಿನದ್ದನ್ನೆಲ್ಲ ರಾಜ್ಯವೇ ತುಂಬುತ್ತಿದೆ. ಹಾಗಾಗಿ ಬರೀ ಬೆಂಗಳೂರನ್ನು ಬೈಯುವ ಗೆಳೆಯರೂ, ಬರೀ ದಿಲ್ಲಿಯನ್ನು ಬೈಯುವ ಗೆಳೆಯರೂ ಸ್ವಲ್ಪ ತಡೀರಿ. ಇಬ್ಬರಿಗೂ ಪಾಲಿದೆ.

ನಾನು ಹೇಳಬೇಕಾದ್ದು ಇಷ್ಟು. ಸೇವೆಗಳಿಗೆ ಕತ್ತರಿ ಹಾಕಿದ್ದೇವೆ ಅಂತ ಯಾವ ಸರ್ಕಾರವೂ ಹೇಳೋದಿಲ್ಲ. ಹೇಳಬೇಕಾಗಿಯೂ ಇಲ್ಲ. ದರ ಏರಿಸದೆ ಎಂಟು ವರ್ಷ ಬಿಟ್ಟರೆ ಸಾಕು, ಮಗುವಿನ ತಟ್ಟೆ ತಾನಾಗಿಯೇ ಚಿಕ್ಕದಾಗುತ್ತದೆ. ಅದಕ್ಕೆ ಆದೇಶ ಬೇಡ, ಸಹಿ ಬೇಡ. ಪ್ರತಿಭಟನೆಗೆ ದಿನಾಂಕವೂ ಸಿಗೋದಿಲ್ಲ.

ಗೃಹಲಕ್ಷ್ಮಿ ಬೇಡ ಅಂತ ನಾನು ಹೇಳುತ್ತಿಲ್ಲ. ದಯವಿಟ್ಟು ಕಾಮೆಂಟಿನಲ್ಲಿ ಆ ಕಡೆ ಎಳೀಬೇಡಿ. ಆ 2,000 ಎಲ್ಲಿ ಹೋಗುತ್ತದೆ ಅಂತ ನಾನು ನೋಡಿದ್ದೇನೆ. ಸಂಘದ ಕಂತು, ಅತ್ತೆಯ ಬಿಪಿ ಗುಳಿಗೆ, ಮಗಳ ಕಾಲೇಜಿನ ಪರೀಕ್ಷೆ ಫೀ. ಬಿಟ್ಟಿ ಭಾಗ್ಯ ಅಂತ ಬೈಯುವವರು ಒಂದು ದಿನ ನನ್ನ ಅಂಗಡಿಯಲ್ಲಿ ಕೂತು ನೋಡಲಿ. ಆದರೆ ಗಂಡನ ಹೊಡೆತ ತಿಂದು ರಾತ್ರಿ ಹೊರಗೆ ಬಂದ ಹೆಂಗಸಿಗೆ ಆ ಹೊತ್ತಿಗೆ 2,000 ಅಲ್ಲ, ಒಂದು ಬಾಗಿಲು ಬೇಕು. ತಾಲೂಕುಗಳಲ್ಲಿ ಅಂಥ ಬಾಗಿಲಾಗಿ ಸಾಂತ್ವನ ಕೇಂದ್ರಗಳಿದ್ದವು. ಇಂಥ ಹೆಂಗಸರ ನೆರವಿಗೇ ಸಖಿ ಕೇಂದ್ರ ಇದೆಯಲ್ಲ ಅಂತ ಕಾರಣ ಕೊಟ್ಟು ಕೆಲವು ವರ್ಷಗಳ ಹಿಂದೆ ಹಲವು ಕಡೆ ಮುಚ್ಚಿದರು. ಸಖಿ ಕೇಂದ್ರ ಜಿಲ್ಲಾ ಮಟ್ಟದ್ದು. ಸಿಂಧನೂರಿನಿಂದ ರಾಯಚೂರು ಬಸ್ಸಿನಲ್ಲಿ ಎರಡು ತಾಸಿನ ದಾರಿ. ಶಕ್ತಿ ಯೋಜನೆಯಲ್ಲಿ ಟಿಕೆಟ್ ಉಚಿತ, ಸರಿ. ರಾತ್ರಿ ಹನ್ನೊಂದಕ್ಕೆ ನಮ್ಮ ಹಳ್ಳಿಯಿಂದ ಬಸ್ ಎಲ್ಲಿದೆ?

ಇನ್ನೊಂದು ಯೋಜನೆ ಬಗ್ಗೆ ಹೇಳಲೇಬೇಕು, ಎಷ್ಟೋ ಜನಕ್ಕೆ ಅದು ಇರೋದೇ ಗೊತ್ತಿಲ್ಲ. ತಂದೆ ಸತ್ತ, ತಾಯಿ ಕೂಲಿಗೆ ಹೋಗುವ ಮಕ್ಕಳಿಗೆ ಮಿಷನ್ ವಾತ್ಸಲ್ಯದಲ್ಲಿ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ ಇದೆ. ಕೇಂದ್ರದ್ದು 60 ಪಾಲು, ರಾಜ್ಯದ್ದು 40. ಮಗು ಹಾಸ್ಟೆಲ್ಲಿಗೋ ಅನಾಥಾಲಯಕ್ಕೋ ಹೋಗದೆ ತಾಯಿಯ ಹತ್ತಿರವೇ ಇದ್ದು ಓದಲಿ ಅಂತ. ನನಗೆ ಗೊತ್ತಿರುವ ಒಳ್ಳೆಯ ಯೋಜನೆಗಳಲ್ಲಿ ಇದೂ ಒಂದು. ಆದರೆ ಹಳ್ಳಿಯ ಕುಟುಂಬದ ಆದಾಯ ವರ್ಷಕ್ಕೆ 72,000 ಮೀರಬಾರದು. ತಿಂಗಳಿಗೆ 6,000. ರೈಸ್ ಮಿಲ್ಲಿಗೆ ದಿನಾ ಹೋಗುವ ವಿಧವೆ ತಾಯಿ, ತಾನು ದುಡಿದದ್ದಕ್ಕೇ ಮಗನ ಸಹಾಯ ಕಳಕೊಳ್ಳಬಹುದು.

ಇಂಥ ಒಬ್ಬ ಹುಡುಗನ ಅರ್ಜಿ ನಾನೇ ತುಂಬಿದ್ದೆ. ಅಪ್ಪ ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸ ಮಾಡುವಾಗ ಬಿದ್ದು ಸತ್ತಿದ್ದ. ಅರ್ಜಿ ಒಂದು ಕಚೇರಿಯಲ್ಲಿ ಏಳು ತಿಂಗಳು ಕೂತಿತ್ತು. ಕೇಳೋಕೆ ಹೋದಾಗ ಅಲ್ಲಿದ್ದ ಹುಡುಗಿ ಕೆಟ್ಟವಳಲ್ಲ. ಗುತ್ತಿಗೆ ಕೆಲಸ, ಎರಡು ಜನರ ಕುರ್ಚಿಯಲ್ಲಿ ಒಬ್ಬಳೇ. "ಅಣ್ಣಾ, ನಂದೇ ಮೂರು ತಿಂಗಳ ಪಗಾರ ಆಗಿಲ್ಲ" ಅಂದಳು. ನಾನು ಜಗಳ ಮಾಡೋಕೆ ಅಂತ ಹೋದವನು ಅವಳಿಗೆ ಚಹಾ ಕೊಡಿಸಿ ಬಂದೆ. ಹುಡುಗನಿಗೆ ಆಮೇಲೆ ರೊಕ್ಕ ಬಂತು. ಅಷ್ಟರಲ್ಲಿ ಅವನು ಒಂದು ಸೀಸನ್ ಹತ್ತಿ ಬೀಜದ ಹೊಲದಲ್ಲಿ ಕ್ರಾಸಿಂಗ್ ಕೆಲಸ ಮುಗಿಸಿಯಾಗಿತ್ತು.

ಹದಿನಾಲ್ಕರಿಂದ ಹದಿನೆಂಟು. ಈ ವಯಸ್ಸೇ ನಮ್ಮ ಕಡೆ ಎಲ್ಲ ಲೆಕ್ಕದಿಂದ ಜಾರಿಹೋಗುವ ವಯಸ್ಸು. ಅಂಗನವಾಡಿ ಮುಗಿದಿರುತ್ತದೆ. ಶಾಲೆ ಒಂಬತ್ತಕ್ಕೋ ಹತ್ತಕ್ಕೋ ನಿಂತಿರುತ್ತದೆ. ಯುವನಿಧಿ ಇದೆ, ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500. ಎಸ್ಸೆಸ್ಸೆಲ್ಸಿ ಫೇಲಾಗಿ ಟಂಟಂನಲ್ಲಿ ಮೆಣಸಿನಕಾಯಿ ಬಿಡಿಸೋಕೆ ಹೋಗುವ ಹುಡುಗ ಯುವಕನೇ ಅಲ್ಲ ಅಂತಾಯಿತಲ್ಲ. ಹುಡುಗಿಯಾದರೆ ಮನೆಯಲ್ಲಿ ವರ ನೋಡೋಕೆ ಶುರು.

ಹುಡುಗಿಯರ ವಿಷಯದಲ್ಲಿ ಒಂದು ವಿಚಿತ್ರ ಇದೆ. ಕೇಂದ್ರದ ಕಿಶೋರಿಯರ ಪೌಷ್ಟಿಕ ಯೋಜನೆ ಮೊದಲು ಶಾಲೆ ಬಿಟ್ಟ ಸಣ್ಣ ವಯಸ್ಸಿನ ಹುಡುಗಿಯರಿಗಿತ್ತು. ಈಗ ಅದು 14ರಿಂದ 18ರವರಿಗೆ, ಅದೂ ಈಶಾನ್ಯ ರಾಜ್ಯಗಳು ಮತ್ತು ಹಿಂದುಳಿದವು ಅಂತ ಕೇಂದ್ರ ಗುರುತಿಸಿದ ‘ಮಹತ್ವಾಕಾಂಕ್ಷಿ’ ಜಿಲ್ಲೆಗಳಿಗೆ ಮಾತ್ರ. ಕರ್ನಾಟಕದಲ್ಲಿ ಅಂಥ ಜಿಲ್ಲೆ ಎರಡೇ, ರಾಯಚೂರು ಮತ್ತು ಯಾದಗಿರಿ. ಅಂದರೆ ಸಿಂಧನೂರಿನ ಹುಡುಗಿಗೆ ಉಂಟು. ಗಡಿ ದಾಟಿ ಕಾರಟಗಿಯ ಹುಡುಗಿಗೆ ಇಲ್ಲ, ಯಾಕಂದರೆ ಅದು ಕೊಪ್ಪಳ ಜಿಲ್ಲೆ. ಎರಡೂ ಕಡೆ ಅದೇ ಕಾಲುವೆ ನೀರು, ಅದೇ ಭತ್ತದ ಗದ್ದೆ, ಅದೇ ಗುಳೆ. ನಮ್ಮ ಅತ್ತೆಯ ಮನೆ ಕಾರಟಗಿ ಕಡೆ. ಅಲ್ಲಿನ ಹುಡುಗಿಯರ ರಕ್ತ ಜಿಲ್ಲೆ ನೋಡಿ ಕಡಿಮೆ ಆಗುತ್ತದಾ?

"ಕಲ್ಯಾಣ ಕರ್ನಾಟಕಕ್ಕೆ 5,000 ಕೋಟಿ ಇಟ್ಟಿದ್ದಾರಲ್ಲ" ಅಂತ ಗೆಳೆಯನೊಬ್ಬ ಕೇಳಿದ. ಇಟ್ಟಿದ್ದಾರೆ, ಸಂತೋಷ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿಗಾಗಿ ನಮ್ಮ ಹಿರಿಯರು ಎಷ್ಟು ವರ್ಷ ಬೀದಿಗಿಳಿದರು ಅಂತ ಗೊತ್ತಿದೆ. ಆದರೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ರೊಕ್ಕ ಅಂದರೆ ನಮ್ಮ ಕಣ್ಣಿಗೆ ಕಾಣೋದು ಸಿಸಿ ರಸ್ತೆ, ಕಾಂಪೌಂಡು, ಕೋಣೆ. ಕಟ್ಟಡಕ್ಕೆ ಉದ್ಘಾಟನೆ ಇರುತ್ತದೆ, ಕಲ್ಲಿನ ಮೇಲೆ ಹೆಸರು ಇರುತ್ತದೆ. ಒಳಗೆ ಕೂತು ಮಗುವಿನ ತೂಕ ನೋಡುವವಳ ಪಗಾರಕ್ಕೆ ಯಾವ ಕಲ್ಲು ಹಾಕಿಸೋದು?

ಹೋದ ಭಾನುವಾರ ರಾತ್ರಿ ಲ್ಯಾಪ್‌ಟಾಪಿನಲ್ಲಿ ಬಜೆಟ್ ಪುಸ್ತಕ ತೆಗೆದು ಕೂತೆ. ಹಣಕಾಸು ಇಲಾಖೆಯ ವೆಬ್‌ಸೈಟಿನಲ್ಲಿ ಯಾರಿಗಾದರೂ ಸಿಗುತ್ತದೆ. 2020ರಿಂದ ಮಕ್ಕಳ ಬಜೆಟ್ ಅಂತಲೇ ಬೇರೆ ಪುಸ್ತಕವೂ ಇದೆ. ಮಕ್ಕಳಿಗೆ ಸಾವಿರಾರು ಕೋಟಿ ಅಂತ ಕೇಳಿದಾಗ ಖುಷಿ ಆಗುತ್ತದೆ. ಒಳಗೆ ಹೋದರೆ ದೊಡ್ಡ ಪಾಲು ಶಾಲಾ ಶಿಕ್ಷಕರ ಸಂಬಳ. ಅದು ತಪ್ಪಲ್ಲ, ಅದೂ ಮಕ್ಕಳಿಗೇ. ಆದರೆ ಮಕ್ಕಳ ರಕ್ಷಣೆ ಅನ್ನುವ ಸಾಲು ಹುಡುಕೋಕೆ ಕನ್ನಡಕ ಬೇಕು.

ಪುಸ್ತಕ ತೆಗೆದರೆ ಒಂದು ಕೆಲಸ ಮಾಡಿ. ಹೊಸ ವರ್ಷದ ಅಂಕಿ ಬಿಟ್ಟು ಅದರ ಪಕ್ಕದ "ಪರಿಷ್ಕೃತ ಅಂದಾಜು" ಕಾಲಂ ನೋಡಿ. ಹೋದ ಮಾರ್ಚ್‌ನಲ್ಲಿ ಭಾಷಣ ಮಾಡಿ ಇಟ್ಟ ರೊಕ್ಕ ಈ ಮಾರ್ಚ್‌ಗೆ ಎಷ್ಟಾಯಿತು ಅನ್ನೋದು ಅಲ್ಲಿದೆ. ಅದೇ ಸಾಲಿನಲ್ಲಿ ಎರಡು ವರ್ಷದ ಹಿಂದಿನ ನಿಜವಾದ ಖರ್ಚೂ ಇರುತ್ತದೆ. ಬದಲಾವಣೆ ನಡೆಯೋದು ಆ ಕಾಲಂಗಳಲ್ಲಿ. ನಮ್ಮ ಚಾನೆಲ್‌ಗಳು ಭಾಷಣದ ದಿನ ಯಾರ ಶಾಲು ಯಾವ ಬಣ್ಣ ಅಂತ ನೋಡಿ ಮುಗಿಸುತ್ತವೆ.

ನಮ್ಮ ಶಾಸಕರನ್ನು, ಇಲಾಖೆಗಳ ಕೆಲಸ ಪರಿಶೀಲಿಸುವ ತಾಲೂಕಿನ ಕೆಡಿಪಿ ಸಭೆಗೆ ಹೋಗುವವರನ್ನು ನಾನು ಕೇಳೋದು ಒಂದೇ. ರಸ್ತೆ ಎಷ್ಟು ಕಿಲೋಮೀಟರ್ ಅಂತ ಕೇಳುವ ಹಾಗೆ, ಮೊಟ್ಟೆಯ ರೊಕ್ಕ ಯಾವ ತಾರೀಕಿಗೆ ಜಮೆ ಆಯಿತು, ಪ್ರಾಯೋಜಕತ್ವದ ಎಷ್ಟು ಅರ್ಜಿ ಎಷ್ಟು ತಿಂಗಳಿಂದ ಬಾಕಿ ಇವೆ, ಗುತ್ತಿಗೆಯವರ ಪಗಾರ ಯಾವ ತಿಂಗಳಿನವರೆಗೆ ಆಗಿದೆ ಅಂತ ಕೇಳಿ. ಉತ್ತರವನ್ನು ಪಂಚಾಯಿತಿ ಬೋರ್ಡಿಗೆ ಹಚ್ಚಿ. ಗೃಹಲಕ್ಷ್ಮಿ ಕಂತಿನ ಹಾಗೆ ಇದೂ ಊರಿಗೆ ಬಾಯಿಪಾಠ ಆಗಲಿ. ನಮ್ಮೂರ ಅಕ್ಕಂದಿರು ಒಮ್ಮೆ ಕೇಳೋಕೆ ಶುರು ಮಾಡಿದರೆ ಬಿಡೋದಿಲ್ಲ, ನನ್ನ ಅನುಭವ.

ಯುಗಾದಿ ಹತ್ತಿರ ಬಂತು. ಗುಳೆ ಹೋದವರು ಒಬ್ಬೊಬ್ಬರಾಗಿ ಊರಿಗೆ ಬರುತ್ತಿದ್ದಾರೆ. ನಿನ್ನೆ ಅವ್ವ ಬೆಂಗಳೂರಿನಿಂದ ಬಂದ ಒಂದು ಕೂಸಿನ ತೂಕ ಹಾಕಿದಳಂತೆ. ಎರಡು ವರ್ಷದ ಕೂಸು, ಏಳು ಕೇಜಿ ಚಿಲ್ಲರೆ. ರಾಯಚೂರಿನ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸು ಅಂದರೆ ತಾಯಿ ಒಪ್ಪುತ್ತಿಲ್ಲ. ಹದಿನಾಲ್ಕು ದಿನ ಕೂಸಿನ ಜೊತೆ ಅಲ್ಲೇ ಇರಬೇಕು. ಕೂಲಿ ಹೋದದ್ದಕ್ಕೆ ಸ್ವಲ್ಪ ಕೊಡುತ್ತಾರೆ, ಆದರೆ ಹಬ್ಬ ಮುಗಿದ ಮರುದಿನವೇ ಮೇಸ್ತ್ರಿ ಬಾ ಅಂದಿದ್ದಾನಂತೆ. ಇವತ್ತು ಸಂಜೆ ಅವ್ವ ಮತ್ತೆ ಅವರ ಮನೆಗೆ ಹೋಗಿದ್ದಾಳೆ, ಕೂಸಿನ ಅಜ್ಜಿಯನ್ನಾದರೂ ಒಪ್ಪಿಸೋಣ ಅಂತ. ಎಂಟು ಗಂಟೆ ಆಯಿತು, ಇನ್ನೂ ಬಂದಿಲ್ಲ. ಫೋನ್ ಮಾಡೋಣ ಅಂದರೆ ಮಕ್ಕಳ ತೂಕ, ಊಟದ ಲೆಕ್ಕ ತುಂಬುವ ಪೋಷಣ್ ಟ್ರ್ಯಾಕರ್ ಆ್ಯಪ್‌ಗೆ ಅಂತ ಅವಳ ಫೋನು ಇಲ್ಲೇ ನನ್ನ ಮುಂದೆ ಚಾರ್ಜಿಗಿದೆ.